ಕಂದೀಲು ಇಳಿಸಿ ನೋಡುವ ಬುದ್ಧಿ

ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಯಾವುದೇ ಗಿರಣಿಯಲ್ಲಿ, ಕಾರ್ಖಾನೆಯಲ್ಲಿ ಅಥವಾ ಕಲ್ಲಿನ ಕ್ವಾರಿಯಲ್ಲಿ ಒಬ್ಬ ಕಾರ್ಮಿಕ ಸತ್ತಾಗ, ಶವ ಮನೆ ಮುಟ್ಟುವ ಮೊದಲೇ ಒಂದು ಮಾತು ಊರೆಲ್ಲ ಸುತ್ತಿ ಬಂದಿರುತ್ತದೆ: ‘ಅಷ್ಟೂ ತಿಳಿವಳಿಕೆ ಬೇಡೇನ್ರಿ ಮನಷ್ಯಾಗ?’ ಮಾಲೀಕರು ಹೇಳುತ್ತಾರೆ, ಗುತ್ತಿಗೆದಾರರು ಹೇಳುತ್ತಾರೆ, ಪಕ್ಕದಲ್ಲೇ ನಿಂತು ಕೆಲಸ ಮಾಡಿದ ಜೊತೆಗಾರರೂ ಹೇಳುತ್ತಾರೆ. ಸುರಕ್ಷತಾ ಮೇಲ್ವಿಚಾರಕನಾಗಿ ಈ ಭಾಗದ ಗಿರಣಿ, ಕಾರ್ಖಾನೆಗಳಲ್ಲಿ ಓಡಾಡುವ ನನಗೆ ಈ ಮಾತು ಸತ್ತವನಿಗೆ ಮಾಡುವ ಅನ್ಯಾಯವೆಂದು ತೋರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮುಂದಿನ ಸಾವನ್ನು ತಡೆಯಬಹುದಾದ ವಿಚಾರಣೆಯನ್ನು ಅದು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ನಮ್ಮ ಜನರಿಗೆ ತಿಳಿವಳಿಕೆಯ ಕೊರತೆ ಎಂದೂ ಇರಲಿಲ್ಲ. ಆ ತಿಳಿವಳಿಕೆ ಯಾವ ವಸ್ತುವಿನ ಜೊತೆ, ಯಾವ ಜಾಗದ ಜೊತೆ ಬೆಳೆದಿತ್ತೋ ಆ ವಸ್ತು ಮತ್ತು ಆ ಜಾಗ ಬದಲಾದವು. ಹೊಸದಕ್ಕೆ ಬೇಕಾದ ತಿಳಿವಳಿಕೆಯನ್ನು ಕೊಡಬೇಕಾದವರು ಕೊಡಲಿಲ್ಲ.

ಇದಕ್ಕೆ ಹಗೇವಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜೋಳ ಬೆಳೆಯುವ ಈ ಸೀಮೆಯ ಹಳ್ಳಿಗಳಲ್ಲಿ ನೆಲದೊಳಗೆ ತೋಡಿದ ಹಗೇವುಗಳಲ್ಲಿ ವರ್ಷಗಟ್ಟಲೆ ಕಾಳು ಇಡುತ್ತಿದ್ದರು. ಹಗೇವಿನ ಬಾಯಿ ತೆರೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಮಣ್ಣು ಸರಿಸಿ, ಮುಚ್ಚಿದ ಬಂಡೆ ಎತ್ತಿ, ಬಾಯಿಯನ್ನು ಹಾಗೆಯೇ ಗಾಳಿಗೆ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ಕಂದೀಲು ಆರಿದರೆ ಅವತ್ತು ಇಳಿಯುವ ಮಾತೇ ಇಲ್ಲ. ಉರಿದರೆ, ಇಳಿಯುವವನ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಮೇಲೆ ನಿಂತವರು ಹಿಡಿದುಕೊಳ್ಳುತ್ತಿದ್ದರು. ಮುಚ್ಚಿದ ಗುಂಡಿಯೊಳಗೆ ಕಾಳು ಉಸಿರಾಡುತ್ತದೆ, ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಆ ಅನಿಲ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ ಎಂಬ ವಿವರಣೆ ಆ ಹಿರಿಯರ ಬಳಿ ಇರಲಿಲ್ಲ. ಆದರೆ ಇಂದು ಕಾರ್ಖಾನೆಗಳಲ್ಲಿ ಇಕ್ಕಟ್ಟಿನ ಜಾಗಕ್ಕೆ ಇಳಿಯುವ ಮೊದಲು ಪಾಲಿಸಬೇಕೆನ್ನುವ ನಾಲ್ಕೂ ಅಂಶಗಳು, ಅಂದರೆ ಗಾಳಿಯಾಡಿಸುವುದು, ಗಾಳಿ ಪರೀಕ್ಷಿಸುವುದು, ಇಳಿದವನನ್ನು ಹಗ್ಗದಿಂದ ಮೇಲಿನವರಿಗೆ ಜೋಡಿಸುವುದು, ಮೇಲೆ ಕಾವಲು ನಿಲ್ಲುವುದು, ಅವರ ಪದ್ಧತಿಯಲ್ಲಿದ್ದವು. ಎಷ್ಟೋ ಮಂದಿ ಸತ್ತ ಮೇಲೆ ಊರು ಕಲಿತ ನಿಯಮ ಅದು. ಯಾರೂ ಅದನ್ನು ಬರೆದಿಡಲಿಲ್ಲ ಅಷ್ಟೇ.

ಹಗೇವುಗಳು ಹೋದವು. ಅವುಗಳ ಜೊತೆ ಕಂದೀಲು ಇಳಿಸುವ ಅಭ್ಯಾಸವೂ ಹೋಯಿತು. ಈಗ ನಮ್ಮ ಸುತ್ತ ಬೇರೆ ಗುಂಡಿಗಳಿವೆ: ಮನೆಯ ಶೌಚಗುಂಡಿ, ಭತ್ತ ನೆನೆಹಾಕಿದ ನೀರು ಹೋಗಿ ನಿಲ್ಲುವ ಗಿರಣಿಯ ಹೊಲಸು ನೀರಿನ ತೊಟ್ಟಿ, ಒಳಚರಂಡಿಯ ಮ್ಯಾನ್‌ಹೋಲ್, ಉಕ್ಕಿನ ಕಾರ್ಖಾನೆಯ ಅನಿಲದ ಪೈಪು ಹಾದುಹೋಗುವ ನೆಲಮಾಳಿಗೆ. ಇಲ್ಲಿ ಅಜ್ಜನ ಕಂದೀಲನ್ನು ನಂಬಿದರೂ ಪ್ರಾಣಕ್ಕೆ ಅಪಾಯವೇ. ಕೊಳೆತ ಹೊಲಸಿನಿಂದ ಹುಟ್ಟುವ ಮೀಥೇನ್ ಅನಿಲಕ್ಕೆ ಕಂದೀಲಿನ ಬೆಂಕಿ ತಗುಲಿದರೆ ಗುಂಡಿಯೇ ಸಿಡಿಯಬಹುದು. ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಕರಗಿಸುವ ಊದುಕುಲುಮೆಯ (ಬ್ಲಾಸ್ಟ್ ಫರ್ನೇಸ್) ಅನಿಲದಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನನ್ನು ಕೆಡವುವಷ್ಟು ಅನಿಲ ತುಂಬಿದ ಜಾಗದಲ್ಲೂ ಕಂದೀಲು ಉರಿಯುತ್ತಲೇ ಇರುತ್ತದೆ. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ ಇದೆ ಎಂದು ನಮ್ಮವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಆ ಅನಿಲ ಸುಮಾರು 100 ಭಾಗ ಮುಟ್ಟುವ ಹೊತ್ತಿಗೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸಿಬಿಡುತ್ತದೆ. ವಾಸನೆ ಕಡಿಮೆಯಾಯಿತು, ಇನ್ನು ಇಳಿಯಬಹುದು ಎಂದು ಅನ್ನಿಸುವ ಆ ಗಳಿಗೆಯೇ ಎಲ್ಲಕ್ಕಿಂತ ಅಪಾಯದ್ದಾಗಿರಬಹುದು. ಕಣ್ಣು, ಮೂಗು, ಅನುಭವ ಮೂರೂ ಒಟ್ಟಿಗೆ ಮೋಸ ಮಾಡುವ ಜಾಗದಲ್ಲಿ ನಿಂತವನಿಗೆ ‘ತಿಳಿವಳಿಕೆ ಬೇಡವೇ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅಲ್ಲಿ ಬೇಕಾದದ್ದು ಗಾಳಿಯನ್ನು ಅಳೆಯುವ ಅಂಗೈ ಅಗಲದ ಒಂದು ಉಪಕರಣ. ಆಮ್ಲಜನಕ ಸಾಮಾನ್ಯವಾಗಿ ಗಾಳಿಯಲ್ಲಿ ಶೇ. 20.9ರಷ್ಟಿರುತ್ತದೆ, ಶೇ. 19.5ಕ್ಕಿಂತ ಕೆಳಗಿಳಿದರೆ ಒಳಗೆ ಕಾಲಿಡಬಾರದೆಂದು ಆ ಉಪಕರಣ ಕೂಗಿ ಹೇಳುತ್ತದೆ.

ತರಬೇತಿಯಲ್ಲಿ ನಾನು ಕಾರ್ಮಿಕರನ್ನು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತೇನೆ: ‘ಗುಂಡಿಗೆ ಇಳಿದ ನಿಮ್ಮ ಜೊತೆಗಾರ ಕಣ್ಣೆದುರಿಗೇ ಕುಸಿದು ಬಿದ್ದರೆ ಏನು ಮಾಡುತ್ತೀರಿ?’ ಉತ್ತರ ತಡವಾಗುವುದೇ ಇಲ್ಲ. ‘ಇಳದು ಎತ್ತತೀವ್ರಿ ಸರ. ನೋಡ್ಕೋತ ನಿಂದರಾಕ ಆಗತೈತೇನ್ರಿ?’ ಕುಷ್ಟಗಿ ಕಡೆಯ ಹಿರಿಯ ಹಮಾಲಿಯೊಬ್ಬರು ಇದನ್ನು ಹೇಳುವಾಗ ಅವರ ದನಿಯಲ್ಲಿ ನನ್ನ ಪ್ರಶ್ನೆಯ ಬಗ್ಗೆಯೇ ಸಿಟ್ಟಿತ್ತು. ನೀರಿಗೆ ಬಿದ್ದವನನ್ನು ಎತ್ತಲು ಬಾವಿಗೆ ಹಾರುವ ಊರಿನಿಂದ ಬಂದ ಮನುಷ್ಯನಿಗೆ ನಾನು ‘ಹಾರಬೇಡಿ’ ಎನ್ನುತ್ತಿದ್ದೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಇಂಥ ಜಾಗಗಳಲ್ಲಿ ಸತ್ತವರ ಪೈಕಿ ಶೇ. 60ಕ್ಕೂ ಹೆಚ್ಚು ಮಂದಿ ಎತ್ತಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯು 1986ರಲ್ಲೇ ಎಚ್ಚರಿಸಿತ್ತು. ಒಬ್ಬನ ಹಿಂದೆ ಒಬ್ಬ ಇಳಿದು, ಅಣ್ಣತಮ್ಮಂದಿರು ಒಂದೇ ಗುಂಡಿಯಲ್ಲಿ ಸತ್ತ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದದವರು ಯಾರಿದ್ದಾರೆ? ಅವರು ಸತ್ತದ್ದು ಬುದ್ಧಿಯಿಲ್ಲದೆ ಅಲ್ಲ, ಮನುಷ್ಯತ್ವ ಇದ್ದುದರಿಂದ. ಆ ಮನುಷ್ಯತ್ವಕ್ಕೆ ಹಗ್ಗವನ್ನೂ ರಾಟೆಯನ್ನೂ ಮೊದಲೇ ಒದಗಿಸಿದ್ದರೆ ಅವರು ಮೇಲೆ ನಿಂತೇ ಎಳೆದುಕೊಳ್ಳುತ್ತಿದ್ದರು. ಅದನ್ನೇ ಆ ಹಮಾಲಿಯವರಿಗೆ ಹಗ್ಗ ಕಟ್ಟಿ ತೋರಿಸಿದಾಗ ಅವರು ಬಹಳ ಹೊತ್ತು ಆ ಗಂಟನ್ನು ಬಿಚ್ಚಿ ಕಟ್ಟಿ ನೋಡಿ, ‘ಇದು ಹಗೇವಿಂದ ಐತಲ್ರಿ’ ಎಂದರು. ಅವತ್ತಿನಿಂದ ನಾನು ನನ್ನ ಪಾಠವನ್ನು ಹಗೇವಿನಿಂದಲೇ ಶುರು ಮಾಡುತ್ತೇನೆ.

ಶೌಚಗುಂಡಿ ಮತ್ತು ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಇಷ್ಟಾದರೂ ಗುಂಡಿಗೆ ಇಳಿಯುವ ಕೆಲಸ ಯಾವ ಜಾತಿಯವರ ಪಾಲಿಗೆ ಬರುತ್ತಿದೆ ಎಂಬುದನ್ನು ನಾವೆಲ್ಲರೂ ನೋಡುತ್ತಲೇ ಇದ್ದೇವೆ.

ಹಳೆಯ ತಿಳಿವಳಿಕೆ ಹೀಗೆ ಕಳೆದುಹೋದ ಇನ್ನೊಂದು ಬಗೆಯನ್ನು ಗಂಗಾವತಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಕಾಣಬಹುದು. ಹಳೆಯ ಫಿಟ್ಟರುಗಳು ಯಂತ್ರಕ್ಕೆ ಕೈ ಹಾಕುವ ಮೊದಲು ಬೋರ್ಡಿನಿಂದ ಪಿಂಗಾಣಿಯ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಫ್ಯೂಸು ತನ್ನ ಜೇಬಿನಲ್ಲಿರುವ ತನಕ ಯಂತ್ರವನ್ನು ಬೇರೆ ಯಾರೂ ಚಾಲು ಮಾಡಲಾರರು ಎಂಬ ಭರವಸೆ ಅದು. ಆಮೇಲೆ ಫ್ಯೂಸಿನ ಜಾಗಕ್ಕೆ ಎಂಸಿಬಿಗಳು, ಅಂದರೆ ವಿದ್ಯುತ್ ಹೆಚ್ಚಾದರೆ ತಾವೇ ಬೀಳುವ ಸ್ವಿಚ್ಚುಗಳು, ಬಂದವು. ಅವುಗಳಲ್ಲಿ ಕಿತ್ತು ಜೇಬಿಗೆ ಹಾಕಿಕೊಳ್ಳುವಂಥದ್ದು ಏನೂ ಇಲ್ಲ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಬೆರಳಿನಿಂದ ಎತ್ತಿಬಿಡಬಹುದು. ಒಳ್ಳೆಯ ಸಲಕರಣೆ ಬಂದು ಒಳ್ಳೆಯ ಪದ್ಧತಿಯನ್ನು ಕೊಂದಿತು. ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಬಕೆಟ್ಟಿನಲ್ಲಿ ಸಿಕ್ಕಿಕೊಂಡ ಚೀಲದ ಚೂರನ್ನು ತೆಗೆಯಲು ಒಬ್ಬ ಕೈ ಇಟ್ಟಿರುವಾಗ, ಮಾಲು ತುಂಬುವ ಲಾರಿ ಕಾಯುತ್ತಿದೆಯೆಂದು ಇನ್ನೊಬ್ಬ ಸ್ವಿಚ್ಚು ಎತ್ತಿದರೆ ಆಗುವುದೇನೆಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಈಗಿರುವ ಉಪಾಯ ಬಹಳ ಸರಳ: ಸ್ವಿಚ್ಚಿಗೆ ಬೀಗ ಹಾಕಿ, ಕೆಲಸ ಮಾಡುವವನೇ ಕೀಲಿಕೈ ಜೇಬಿನಲ್ಲಿಟ್ಟುಕೊಳ್ಳುವುದು, ಮೂವರು ಕೆಲಸ ಮಾಡುತ್ತಿದ್ದರೆ ಮೂರು ಬೀಗ. ದೊಡ್ಡ ಕಾರ್ಖಾನೆಗಳು ಇದಕ್ಕೆ ದೊಡ್ಡ ಹೆಸರಿಟ್ಟು ಕಡ್ಡಾಯ ಮಾಡಿವೆ. ಸಣ್ಣ ಗಿರಣಿಗಳಲ್ಲಿ ಬೀಗಕ್ಕೆ ಹಾಕುವ ದುಡ್ಡು ಒಂದು ಊಟದ ಖರ್ಚಿಗಿಂತ ಹೆಚ್ಚಾಗದು, ಆದರೂ ಅದು ಇನ್ನೂ ಬಂದಿಲ್ಲ. ಓಡುವ ಬೆಲ್ಟಿಗೆ ಬೇಲಿ ಇರಬೇಕೆಂದು, ಅದರ ಹತ್ತಿರ ಕೆಲಸ ಮಾಡುವವನಿಗೆ ಮೈಗಂಟಿದ ಬಟ್ಟೆಯನ್ನು ಮಾಲೀಕನೇ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21 ಮತ್ತು 22ನೆಯ ಕಲಮುಗಳು ಹೇಳಿ ಎಷ್ಟು ಕಾಲವಾಯಿತು! ಹೆಗಲ ಮೇಲಿನ ವಲ್ಲಿ ಬೆಲ್ಟಿಗೆ ಸಿಕ್ಕು ಕುತ್ತಿಗೆ ಎಳೆದಾಗ ನಾವು ಇಂದಿಗೂ ವಲ್ಲಿಯನ್ನು ಬೈಯುತ್ತೇವೆ, ಇಲ್ಲದ ಬೇಲಿಯನ್ನು ಬೈಯುವುದಿಲ್ಲ.

ಧೋರಣೆ ಬದಲಾಗಿಲ್ಲವೆಂದು ನಾನು ಹೇಳಲಾರೆ. ಒಂದು ಕಾಲಕ್ಕೆ ಅಪಘಾತವೆಂದರೆ ಹಣೆಬರಹವಾಗಿತ್ತು. ಬಾಯ್ಲರಿಗೆ ಕಾಯಿ ಒಡೆದು, ಯಂತ್ರಕ್ಕೆ ನಿಂಬೆಹಣ್ಣು ಕಟ್ಟಿ, ಅದಾದ ಮೇಲೂ ಯಾರಾದರೂ ಸತ್ತರೆ ‘ಅವನ ಆಯುಷ್ಯ ಅಷ್ಟೇ ಇತ್ತು’ ಎನ್ನುತ್ತಿದ್ದರು. ಈಗ ತೋರಣಗಲ್ಲು, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳಲ್ಲಿ ಹೆಲ್ಮೆಟ್, ಬೂಟು ಇಲ್ಲದೆ ಗೇಟು ದಾಟಲು ಬಿಡುವುದಿಲ್ಲ. ಪಾಳಿ ಶುರುವಾಗುವ ಮೊದಲು ಅವತ್ತಿನ ಕೆಲಸದ ಅಪಾಯಗಳನ್ನು ನಿಂತು ಮಾತಾಡುತ್ತಾರೆ. ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನದ ಪ್ರತಿಜ್ಞೆ ನಡೆಯುತ್ತದೆ. ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ‘ಅಲ್ಲಿ ಸೇಫ್ಟಿ ಹೆಂಗೈತಿ?’ ಎಂದು ಕೇಳುವ ತಾಯಂದಿರನ್ನು ನಾನು ನೋಡಿದ್ದೇನೆ, ಮತ್ತು ಅದಕ್ಕಿಂತ ಸಂತೋಷದ ಬದಲಾವಣೆ ಬೇರೆ ಇಲ್ಲ. ಆದರೆ ಇದರ ಜೊತೆಗೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನುಸುಳಿದೆ. ಮೊದಲು ತಪ್ಪು ಹಣೆಬರಹದ್ದಾಗಿತ್ತು, ಈಗ ಹೆಲ್ಮೆಟ್ಟಿನ ಪಟ್ಟಿ ಬಿಗಿಯದ ಕಾರ್ಮಿಕನದ್ದಾಗಿದೆ. ಎರಡರಲ್ಲೂ ಬೇಲಿ ಹಾಕದವನ ಹೆಸರು ಬರುವುದಿಲ್ಲ.

ಗೇಟಿನ ಬಳಿ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕ ಇರುತ್ತದೆ. ಅದರ ಅಂಕಿ ಏರುತ್ತ ಹೋದಂತೆ ಗುತ್ತಿಗೆದಾರರ ಎದೆಬಡಿತವೂ ಏರುತ್ತದೆ. ಕಾರ್ಮಿಕನೊಬ್ಬ ಗಾಯಗೊಂಡು 48 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕೆಲಸಕ್ಕೆ ಬಾರದಂತಾದರೆ ಇಲಾಖೆಗೆ ತಿಳಿಸಬೇಕೆಂಬುದು ಕಾರ್ಖಾನೆ ಕಾಯ್ದೆಯ ನಿಯಮವಾಗಿತ್ತು. ಅದನ್ನು ತಪ್ಪಿಸಲು ಏನು ಮಾಡುತ್ತಿದ್ದರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಭಾರ ಎತ್ತುವ ಚೈನ್ ಪುಲ್ಲಿಯಲ್ಲಿ ಎರಡು ಬೆರಳು ಜಜ್ಜಿಹೋಗಿದ್ದ ಹುಡುಗನೊಬ್ಬನನ್ನು ಮರುದಿನವೇ ಕಾರಿನಲ್ಲಿ ಕರೆತಂದು, ಟೈಮ್ ಆಫೀಸಿನ ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಹಾಜರಿ ಹಾಕಿಸಿದ್ದರು. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿ ಹಿಡಿದು ಅವನು ಪಾಳಿ ಮುಗಿಯುವವರೆಗೂ ಕೂತಿದ್ದ. ನೋವಿಗೆ ಊಟವನ್ನೂ ಮಾಡಲಿಲ್ಲ. ಫಲಕದ ಅಂಕಿ ಮರುದಿನ ಒಂದು ಹೆಚ್ಚಾಯಿತು. ಆ ಚೈನ್ ಪುಲ್ಲಿಯ ದೋಷವೇನೆಂದು ಯಾರೂ ಬಿಚ್ಚಿ ನೋಡಲಿಲ್ಲ, ಏಕೆಂದರೆ ದಾಖಲೆಯ ಪ್ರಕಾರ ಏನೂ ಆಗಿಯೇ ಇರಲಿಲ್ಲ. ಹೇಳಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯ ಇರುವಲ್ಲಿ ಯಾವ ತಿಳಿವಳಿಕೆಯೂ ಬೆಳೆಯುವುದಿಲ್ಲ. ಹಗೇವಿನಲ್ಲಿ ಸತ್ತವನ ಸುದ್ದಿಯನ್ನು ಊರು ಮುಚ್ಚಿಟ್ಟಿದ್ದರೆ ಕಂದೀಲಿನ ಪದ್ಧತಿ ಹುಟ್ಟುತ್ತಲೇ ಇರಲಿಲ್ಲ.

ನಿಯಮವೇ ಹಿಂದುಳಿದು, ಜನರ ತಿಳಿವಳಿಕೆಯೇ ಮುಂದಿರುವ ಸಂಗತಿಗಳೂ ಇವೆ. ಬಿಸಿಲು ಅಂಥದ್ದು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಸಾಮಾನ್ಯ. ನಮ್ಮ ರೈತರು ನಸುಕಿನಲ್ಲೇ ಹೊಲಕ್ಕೆ ಹೋಗಿ, ಬಿಸಿಲೇರುವ ಮೊದಲು ಬೇವಿನ ಮರದ ಕೆಳಗೆ ಬಂದು ಕೂರುತ್ತಾರೆ. ಸರ್ಕಾರವೂ ಈ ಬುದ್ಧಿಯನ್ನು ಒಪ್ಪಿಕೊಂಡಿದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿ ಇದೆ. ಹಾಗಿದ್ದರೆ ಫ್ಯಾನಿನ ಕೆಳಗೆ ಕೂರುವ ಗುಮಾಸ್ತರಿಗೆ ಸಿಕ್ಕ ಈ ಸಮಯ, ಸೆಂಟ್ರಿಂಗ್ ಕಬ್ಬಿಣ ಕಟ್ಟುವವನಿಗೆ, ಕ್ವಾರಿಯಲ್ಲಿ ಕಲ್ಲು ಒಡೆಯುವವಳಿಗೆ ಏಕಿಲ್ಲ? ‘ಹೆಲ್ಮೆಟ್ ಹಾಕ್ಕೊಂಡ್ರ ತಲಿ ಕುದೀತೈತ್ರಿ’ ಎಂದು ಹೇಳುವ ಕಾರ್ಮಿಕ ಸುಳ್ಳು ಹೇಳುತ್ತಿಲ್ಲ. ಅವನಿಗೆ ದಂಡ ಹಾಕುವ ಮೊದಲು ಕೆಲಸದ ಹೊತ್ತು ಬದಲಿಸಬೇಕು, ನೆರಳು ಮತ್ತು ತಣ್ಣೀರು ಕೆಲಸದ ಜಾಗಕ್ಕೇ ಬರಬೇಕು. ಸೆಕೆಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದೆರಡು ವಾರ ಬೇಕಾಗುತ್ತದೆ. ಆದ್ದರಿಂದ ಹೊಸದಾಗಿ ಬಂದವರಿಗೆ, ರಜೆ ಮುಗಿಸಿ ಮರಳಿದವರಿಗೆ ಮೊದಲ ದಿನವೇ ಪೂರ್ತಿ ಭಾರದ ಕೆಲಸ ಹಚ್ಚಬಾರದು. ನಮ್ಮಲ್ಲಿ ನಡೆಯುವುದು ಇದಕ್ಕೆ ಸರಿಯಾಗಿ ಉಲ್ಟಾ: ಬಿಹಾರ, ಒಡಿಶಾದಿಂದ ರೈಲಿಳಿದ ಹುಡುಗರನ್ನು ಮರುದಿನವೇ ಕುಲುಮೆಯ ಪಕ್ಕ ನಿಲ್ಲಿಸುತ್ತಾರೆ.

ಹಮಾಲರ ಚೀಲದ ಭಾರವೂ ಹಾಗೆಯೇ. ಈ ಸೀಮೆಯಲ್ಲಿ ಭತ್ತದ ವ್ಯಾಪಾರ ನಡೆಯುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಒಬ್ಬ ಗಂಡಸು ಹೊರುವ ಭಾರ 55 ಕಿಲೋ ಮೀರಿದ್ದರೆ ಅದನ್ನು ಆದಷ್ಟು ಬೇಗ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ನಲವತ್ತು ದಾಟುವ ಹೊತ್ತಿಗೆ ಸೊಂಟ ಹಿಡಿದು ಮನೆ ಸೇರಿದ ಹಮಾಲರು ಪ್ರತಿ ಓಣಿಯಲ್ಲೂ ಇದ್ದಾರೆ, ಮತ್ತು ಅದನ್ನು ಯಾರೂ ಅಪಘಾತವೆಂದು ಎಣಿಸುವುದಿಲ್ಲ. ಕಲ್ಲಿನ ದೂಳು ಇನ್ನೂ ನಿಧಾನ. ಕ್ವಾರಿ ಮತ್ತು ಕ್ರಷರುಗಳ ಸಿಲಿಕಾ ದೂಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಶ್ವಾಸಕೋಶದ ತಳ ಸೇರಿ, ಎಷ್ಟೋ ವರ್ಷಗಳ ನಂತರ ಉಸಿರು ಕಟ್ಟಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣಪಡಿಸುವ ಔಷಧವಿಲ್ಲ, ಹಲವು ಸಲ ಅದನ್ನು ಕ್ಷಯವೆಂದೇ ತಿಳಿದು ಮಾತ್ರೆ ಕೊಡುತ್ತಾರೆ. ಮುಖಕ್ಕೆ ಸುತ್ತಿದ ವಲ್ಲಿ ಆ ದೂಳನ್ನು ತಡೆಯದು. ಕೊರೆಯುವಾಗ, ಒಡೆಯುವಾಗ ನೀರು ಹಾಯಿಸಿ ದೂಳು ಏಳದಂತೆ ಮಾಡುವುದೇ ದಾರಿ.

ಅಪಾಯ ಯಾರಿಗೆ ಗೊತ್ತಿರುತ್ತದೋ ಅವರು ಹೇಳಬೇಕು ಎಂಬ ತತ್ವ ನಮ್ಮ ಕಾಯ್ದೆಗೆ ಬಂದದ್ದು ಭೋಪಾಲದ ನಂತರ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ ವಿಷಾನಿಲ ಎಂಥದ್ದೆಂದು ಸುತ್ತಲಿನ ಬಡಾವಣೆಗಳ ಜನರಿಗಾಗಲಿ, ಅವರಿಗೆ ಚಿಕಿತ್ಸೆ ಕೊಡಬೇಕಾದ ವೈದ್ಯರಿಗಾಗಲಿ ತಿಳಿಸಿರಲಿಲ್ಲ. ಅದಾದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂದು, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳು ಅಪಾಯದ ವಿವರವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸುವುದು ಕಡ್ಡಾಯವಾಯಿತು. ನಮ್ಮ ಕಾರ್ಖಾನೆಗಳ ಫಲಕಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿ. ಎಷ್ಟೋ ಕಡೆ ಎಚ್ಚರಿಕೆ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಸೂಚನೆ ಇರಬೇಕೆಂದು ಕಾಯ್ದೆ ಮೊದಲಿನಿಂದ ಹೇಳುತ್ತ ಬಂದಿದೆ. ಕನ್ನಡ ಇರಲೇಬೇಕು, ಹೊರರಾಜ್ಯದ ಹುಡುಗರು ಇರುವಲ್ಲಿ ಅವರ ಭಾಷೆಯೂ ಇರಬೇಕು, ಓದು ಬಾರದವರಿಗೆ ಚಿತ್ರ ಇರಬೇಕು.

ಹಳೆಯ ಕಾರ್ಖಾನೆ ಕಾಯ್ದೆಯ ಬದಲಿಗೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಿಕೊಳ್ಳಲು ಮೊದಲು 10 ಕಾರ್ಮಿಕರಿದ್ದರೆ ಸಾಕಾಗಿತ್ತು, ಈಗ 20 ಬೇಕು. ಸುರಕ್ಷತಾ ಅಧಿಕಾರಿಯ ನೇಮಕ ಸಾಮಾನ್ಯ ಕಾರ್ಖಾನೆಗೆ 500 ಕಾರ್ಮಿಕರಿದ್ದರೆ ಕಡ್ಡಾಯ. ಅಂದರೆ ನಮ್ಮ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್ಲು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೆಚ್ಚಿನವಕ್ಕೆ ಅಂಥ ಅಧಿಕಾರಿ ಬರುವುದೇ ಇಲ್ಲ. ಅದೇ ಸಂಹಿತೆಯಲ್ಲಿ ಕಾರ್ಮಿಕನಿಗೆ ಒಂದು ಹಕ್ಕೂ ಇದೆ: ಪ್ರಾಣಕ್ಕೆ ತಕ್ಷಣದ ಅಪಾಯವಿದೆ ಎಂದು ಅನ್ನಿಸಿದರೆ ಅವನು ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ಒಟ್ಟಿಗೇ ತಿಳಿಸಬಹುದು, ಮಾಲೀಕ ಒಪ್ಪದಿದ್ದರೂ ವಿಷಯವನ್ನು ಇನ್‌ಸ್ಪೆಕ್ಟರಿನ ತೀರ್ಮಾನಕ್ಕೆ ಬಿಡಲೇಬೇಕು. ಆದರೆ ಇನ್‌ಸ್ಪೆಕ್ಟರು ಬರುವ ತನಕ ಆ ಗುಂಡಿಗೆ ಇಳಿಯಬೇಕೋ ಬೇಡವೋ ಎಂಬುದು ದಿನಗೂಲಿಯವನ ಕೈಯಲ್ಲಿ ಉಳಿಯುವುದಿಲ್ಲ. ಅದಕ್ಕಾಗಿ ನಾನು ಹೋದಲ್ಲೆಲ್ಲ ಮಾಲೀಕರಲ್ಲಿ ಎರಡು ವಿಷಯ ಕೇಳುತ್ತಿದ್ದೇನೆ. ಕೆಲಸ ನಿಲ್ಲಿಸಿದವನ ಅವತ್ತಿನ ಕೂಲಿಯನ್ನು ಕಡಿಯುವುದಿಲ್ಲ ಎಂದು ಬರಹದಲ್ಲಿ ಕೊಡಿ. ಇಲಾಖೆಯ ದೂರವಾಣಿ ಸಂಖ್ಯೆಯನ್ನು ಕನ್ನಡದ ದಪ್ಪ ಅಂಕಿಗಳಲ್ಲಿ ಹಾಜರಿ ಹಾಕುವ ಜಾಗದ ಗೋಡೆಗೆ ಬರೆಸಿ. ಎರಡನೆಯದನ್ನು ಕೆಲವರು ಮಾಡಿದ್ದಾರೆ. ಮೊದಲನೆಯದಕ್ಕೆ ಇಲ್ಲಿಯವರೆಗೆ ಸಹಿ ಹಾಕಿದವರು ಕಾರಟಗಿ ಕಡೆಯ ಒಬ್ಬ ಗಿರಣಿ ಮಾಲೀಕರು ಮಾತ್ರ. ಭತ್ತದ ಕೊಯ್ಲು ಮುಗಿದು ಗಿರಣಿಗಳು ಹಗಲುರಾತ್ರಿ ಓಡುವ ಮೊದಲು ಉಳಿದವರನ್ನೂ ಒಪ್ಪಿಸಲು ಈ ವಾರ ಮತ್ತೆ ಹೊರಡುತ್ತಿದ್ದೇನೆ.